ಕಲಿಯುವ ಕೈಗೂ ಕಾನೂನಿನ ಕಾವಲು

ಕಸುಬು ಕಲಿಯಲೆಂದು ಮುಂಬಯಿ, ಪುಣೆಗಳ ಕಾರ್ಖಾನೆಗಳನ್ನು ಸೇರುವ ಕನ್ನಡ ತರುಣರು ಅನೇಕರು. ಕೈ ಇನ್ನೂ ಪಳಗಿರದ ಕಾಲದಲ್ಲಿಯೇ ಅಪಾಯ ಹೆಚ್ಚು. ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡವನಿಗೆ ‘ನೀನು ಅಪ್ರೆಂಟಿಸ್, ಕಾರ್ಮಿಕನಲ್ಲ, ಪರಿಹಾರವಿಲ್ಲ’ ಎಂಬ ಉತ್ತರ ದೊರೆತರೆ ಅದನ್ನು ನಂಬಿ ಸುಮ್ಮನಾಗಬೇಕಿಲ್ಲ.

1961ರ ಅಪ್ರೆಂಟಿಸ್ ಕಾಯಿದೆಯ 18ನೆಯ ಕಲಮು ಅವನನ್ನು ಕಾರ್ಮಿಕನೆಂದು ಎಣಿಸುವುದಿಲ್ಲ, ನಿಜ. ಆದರೆ ತರಬೇತಿಯ ಕಾರಣದಿಂದ, ತರಬೇತಿಯ ವೇಳೆಯಲ್ಲಿ ಸಂಭವಿಸಿದ ಅಪಘಾತದ ಗಾಯಕ್ಕೆ ಮಾಲೀಕನೇ ಪರಿಹಾರ ಕೊಡತಕ್ಕದ್ದೆಂದು ಅದೇ ಕಾಯಿದೆಯ 16ನೆಯ ಕಲಮು ವಿಧಿಸುತ್ತದೆ. ಪರಿಹಾರದ ಲೆಕ್ಕಕ್ಕೆ ಹಿಂದೆ 1923ರ ಕಾರ್ಮಿಕರ ಪರಿಹಾರ ಕಾಯಿದೆ ಆಧಾರವಾಗಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ.

ಗಾಯಗೊಂಡವನು ಮೊದಲು ಚಿಕಿತ್ಸೆ ಪಡೆಯಬೇಕು. ಗಾಯ ಎಲ್ಲಿ, ಹೇಗೆ ಆಯಿತೆಂಬುದನ್ನು ವೈದ್ಯರ ಚೀಟಿಯಲ್ಲಿ ಬರೆಯಿಸಬೇಕು. ಮಾಲೀಕನಿಗೆ ವಿಳಂಬವಿಲ್ಲದೆ ಲಿಖಿತ ಸೂಚನೆ ಕೊಟ್ಟು, ಅದರ ಪ್ರತಿಯನ್ನೂ ತರಬೇತಿಯ ಕರಾರುಪತ್ರವನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಪರಿಹಾರ ದೊರೆಯದಿದ್ದಲ್ಲಿ ಅಪಘಾತವಾದ ಎರಡು ವರ್ಷಗಳೊಳಗೆ ಸಕ್ಷಮ ಅಧಿಕಾರಿಯ ಮುಂದೆ ಅರ್ಜಿ ಸಲ್ಲಿಸಬೇಕು. ಗಾಯ ಮಾಯುವವರೆಗೆ ಊರಿನಲ್ಲಿದ್ದು ಬರುವೆನೆಂದು ಹೊರಟವನು ಈ ಗಡುವನ್ನು ಮರೆಯಬಾರದು.