ಹ್ಯಾಂಡಲ್ ಲೂಸಾದರೆ ವೈಸ್ ಕೆಟ್ಟಿತೇ?

ಗುಜರಿ ಅಂಗಡಿಯಲ್ಲಿ ಹಳೆಯ ಬೆಂಚ್ ವೈಸ್ ಕಂಡವರು ಮೊದಲು ಹ್ಯಾಂಡಲ್ ತಿರುಗಿಸಿ ನೋಡುತ್ತಾರೆ. ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೂ ದವಡೆ ಕದಲದಿದ್ದರೆ, ‘ಥ್ರೆಡ್ ಹೋಗಿದೆ, ಬೇಡ’ ಎಂದು ಕೈಬಿಡುತ್ತಾರೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಗಟ್ಟಿಮುಟ್ಟಾದ ಎಷ್ಟೋ ವೈಸುಗಳು ಕುಲುಮೆ ಸೇರುತ್ತವೆ.

ಒಳಗೆ ನಡೆಯುವುದು ನಿಜಕ್ಕೂ ಸೊಗಸಾಗಿದೆ. ಬಿಗಿ ಮಾಡುವಾಗ ಸ್ಕ್ರೂವಿನ ದಪ್ಪ ತಲೆ ಮುಂದಿನ ದವಡೆಯನ್ನು ಒತ್ತಿ ಒಳಕ್ಕೆ ತಳ್ಳುತ್ತದೆ. ಬಿಚ್ಚುವಾಗ ತಲೆಗೆ ಕೆಲಸವಿಲ್ಲ. ದವಡೆಯ ಹಿಂಬದಿಯಲ್ಲಿ ಸ್ಕ್ರೂಗೆ ಸಿಕ್ಕಿಸಿದ ವಾಷರ್ ಮತ್ತು ಸ್ಪ್ಲಿಟ್ ಪಿನ್ ಅದನ್ನು ಹೊರಕ್ಕೆ ತರುತ್ತವೆ. ಪಿನ್ ಪೂರ್ತಿ ಮುರಿದು ಬಿದ್ದರೂ ವೈಸ್ ಮೊದಲಿನಷ್ಟೇ ಬಿಗಿಯಾಗಿ ಹಿಡಿಯುತ್ತದೆ, ತೆರೆಯಲು ಮಾತ್ರ ದವಡೆಯನ್ನು ಕೈಯಿಂದ ಎಳೆಯಬೇಕು! ಒಂದು ಸುತ್ತಿನಲ್ಲಿ 6 ಮಿ.ಮೀ. ಸಾಗುವ ಸ್ಕ್ರೂ ಕಾಲು ಸುತ್ತು ಖಾಲಿ ತಿರುಗಿದರೆ ಒಟ್ಟು ಸಡಿಲ 1.5 ಮಿ.ಮೀ. ಅಷ್ಟೇ.

ಆ ಸಡಿಲ ಎಲ್ಲಿದೆ? ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆದಾಡಿ, ಸ್ಕ್ರೂವಿನ ತಲೆಯ ಬುಡ ನೋಡಬೇಕು. ಅಲ್ಲಿ ಸಂದಿ ತೆರೆದು ಮುಚ್ಚುತ್ತಿದ್ದರೆ ಹೊಸ ವಾಷರ್ ಸಾಕು. ತಲೆಯೂ ದವಡೆಯೂ ಒಟ್ಟಿಗೇ ಚಲಿಸಿದರೆ, ಒಳಗಿನ ನಟ್ ಕಳಚಿಕೊಂಡಿದೆ ಇಲ್ಲವೇ ಸವೆದಿದೆ. ಥ್ರೆಡ್ ಚಾಕುವಿನ ಅಂಚಿನಂತಾಗಿದ್ದರೆ ಮಾತ್ರ ಲೇತ್ ಅಂಗಡಿಗೆ ಹೋಗಬೇಕು.

ಹಿಡಿತ ಕೆಡಿಸುವ ಸಡಿಲವೇ ಬೇರೆ. ಅದು ದವಡೆಯ ಮೇಲೆ ಕೆಳಗಿನ ಅಲುಗಾಟ. ವಸ್ತು ಇರುವುದು ಮೇಲೆ, ಸ್ಕ್ರೂ ಎಳೆಯುವುದು ಕೆಳಗೆ. ಹಾಗಾಗಿ ಬಿಗಿದಷ್ಟೂ ದವಡೆಯ ತಲೆ ಹೊರಕ್ಕೆ ವಾಲುತ್ತದೆ. ಚಪ್ಪಟೆ ಪಟ್ಟಿಯೊಂದರ ಜೊತೆ ಮೇಲೊಂದು, ಕೆಳಗೊಂದು ಕಾಗದದ ಚೂರಿಟ್ಟು ಬಿಗಿದರೆ, ಮೇಲಿನ ಚೂರು ಸಲೀಸಾಗಿ ಜಾರಿ ಬರುತ್ತದೆ. ಇದಕ್ಕೆ ಹ್ಯಾಂಡಲ್‌ಗೆ ಪೈಪ್ ಸಿಕ್ಕಿಸಿ ಜಗ್ಗುವುದು ಶುದ್ಧ ಅವಿವೇಕ. ಬೀಡುಕಬ್ಬಿಣ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಸೀಳುತ್ತದೆ. ಮೊದಲು ದವಡೆಗಳ ಮುಖಕ್ಕೆ ಕೂರಿಸಿದ ಜಾ ಪ್ಲೇಟುಗಳನ್ನು ಬಿಚ್ಚಿ ಹಿಂದೆ ಕೂತ ಅರದ ಪುಡಿ ತೆಗೆದು, ಅವುಗಳ ಸ್ಕ್ರೂ ಬಿಗಿಯಬೇಕು. ಆಮೇಲೆ ದವಡೆಯ ಜಾರುವ ಭಾಗ ವೈಸಿನೊಳಕ್ಕೆ ಹೋಗುವ ಬಾಯಲ್ಲಿ, ಆ ಭಾಗದ ಅಡಿಗೆ, ತೆಳುವಾದ ಹಿತ್ತಾಳೆ ಪಟ್ಟಿ ಇಡಬೇಕು. ಅದರ ತುದಿಯನ್ನು ಹೊರಕ್ಕೆ ಮಡಚದಿದ್ದರೆ ದವಡೆಯ ಜೊತೆ ಒಳಕ್ಕೆ ಹೋಗಿಬಿಡುತ್ತದೆ.

ಆಯುಧಪೂಜೆಗೆಂದು ಮೈತುಂಬ ಬಣ್ಣ ಬಳಿಸಿಕೊಂಡ ವೈಸಿನ ಒಳಗೆ ಹಳೆಯ ಗ್ರೀಸು ಲೋಹದ ಪುಡಿಯೊಂದಿಗೆ ಬೆರೆತು ಥ್ರೆಡ್ಡನ್ನು ಉಜ್ಜುತ್ತಲೇ ಇರುತ್ತದೆ. ಹೂವು, ಕುಂಕುಮ ಏರಿಸುವ ಮೊದಲು ದವಡೆ ಹೊರಗೆಳೆದು, ಸೀಮೆಎಣ್ಣೆಯಲ್ಲಿ ಸ್ಕ್ರೂ ತೊಳೆದು, ಹೊಸ ಗ್ರೀಸು ಹಚ್ಚುವುದಕ್ಕೆ ಅರ್ಧ ಗಂಟೆ ಸಾಕು.