ಹಳೆಯ ಪಿಸ್ಟನ್ ಹೇಳುವ ಸಾಕ್ಷಿ

ಬಜಾಜ್ ಚೇತಕ್‌ನಂಥ ಹಳೆಯ ಟೂ-ಸ್ಟ್ರೋಕ್ ಸ್ಕೂಟರಿನ ಕಿಕ್ಕರ್ ಕಾಲಿಗೆ ಸಡಿಲವೆನಿಸಿತು, ಏರಿನಲ್ಲಿ ಎಳೆತ ತಗ್ಗಿತು, ತಣ್ಣಗಿರುವಾಗ ಟಕಟಕ ಸದ್ದು ಶುರುವಾಯಿತು ಎಂದರೆ ಮೆಕ್ಯಾನಿಕ್ ಹೇಳುವುದು ಒಂದೇ ಮಾತು: ‘ಬೋರ್ ಮಾಡಿಸಬೇಕು.’ ಲೇತ್ ಅಂಗಡಿಯಲ್ಲಿ ಸಿಲಿಂಡರ್ ಕೊರೆಸಿ, ಓವರ್‌ಸೈಜ್ ಪಿಸ್ಟನ್ ಕೂರಿಸಿ, ಹಳೆಯದನ್ನು ಗುಜರಿಗೆ ಹಾಕುತ್ತಾರೆ. ಕೆಲವೇ ತಿಂಗಳಲ್ಲಿ ಅದೇ ಸದ್ದು ಮರಳಿದರೆ ಬೈಗುಳ ಲೇತಿನವರಿಗೆ. ಸಿಲಿಂಡರ್ ಅಕಾಲದಲ್ಲಿ ಸವೆದದ್ದೇಕೆ ಎಂಬುದಕ್ಕೆ ಸಾಕ್ಷಿ ಇದ್ದದ್ದು ಗುಜರಿಗೆ ಹೋದ ಪಿಸ್ಟನ್ನಿನ ಮೈಮೇಲೆ!

ಎಕ್ಸಾಸ್ಟ್ ಕಿಂಡಿಯ ಕಡೆಗೆ ಅಲ್ಯೂಮಿನಿಯಂ ಸವರಿದಂತೆ ಉದ್ದುದ್ದ ಗೀರುಗಳಿದ್ದರೆ ಅದು ಅತಿ ಕಾವಿನ ಅಥವಾ ಆಯಿಲ್ ಕೊರತೆಯ ಗುರುತು. ಮೈಯೆಲ್ಲ ಮಾಸಲು ಬೂದಾಗಿ ರಿಂಗುಗಳು ತೆಳುವಾಗಿದ್ದರೆ ಏರ್ ಫಿಲ್ಟರ್ ದಾಟಿ ಬಂದ ಧೂಳನ್ನು ಶಂಕಿಸಬೇಕು. ಚೇತಕ್‌ನಲ್ಲಿ ಗಾಳಿ ಕ್ರ್ಯಾಂಕ್‌ಕೇಸಿನ ಮೂಲಕ ಹಾದುಬರುವುದರಿಂದ ಆ ಧೂಳು ಬೇರಿಂಗನ್ನೂ ತಿಂದಿರುತ್ತದೆ. ಒಂದು ಪಕ್ಕ ಮೇಲ್ಗಡೆ, ಎದುರು ಪಕ್ಕ ಕೆಳಗಡೆ ಹೊಳಪೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು.

ಸವೆತ ಎಷ್ಟೆಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಒಂದು ರಿಂಗ್, ಒಂದು ಫೀಲರ್ ಗೇಜ್ ಸಾಕು. ರಿಂಗನ್ನು ಸಿಲಿಂಡರಿನ ತಳಕ್ಕೆ, ಅಂದರೆ ಓಡುವಾಗ ರಿಂಗ್ ತಲುಪದ ಜಾಗಕ್ಕೆ, ನೇರವಾಗಿ ತಳ್ಳಿ ಅದರ ತುದಿಗಳ ನಡುವಿನ ಸಂದನ್ನು ಅಳೆಯಿರಿ. ಆಮೇಲೆ ಮೇಲ್ಭಾಗದಲ್ಲಿ ಅಳೆಯಿರಿ. ವ್ಯಾಸ ಹಿಗ್ಗಿದಾಗ ಸುತ್ತಳತೆ ಅದರ 3.14 ಪಟ್ಟು ಹಿಗ್ಗುತ್ತದಲ್ಲ, ಹಾಗಾಗಿ ಸಂದು 0.3 ಮಿ.ಮೀ. ಹೆಚ್ಚಿದ್ದರೆ ಬೋರ್ ಸುಮಾರು 0.1 ಮಿ.ಮೀ. ಅಗಲವಾಗಿದೆ. ಶಾಲೆಯ ಗಣಿತ ಗ್ಯಾರೇಜಿನಲ್ಲಿ ಇಷ್ಟು ಅಗ್ಗಕ್ಕೆ ಕೆಲಸಕ್ಕೆ ಬರುವುದು ಅಪರೂಪ.

ಆಯಿಲ್ ಕೊರತೆ ಎಂದಾಗ ಬಂಕಿನವರು ಕಡಿಮೆ ಹಾಕಿದರು ಎಂದೇ ಎಲ್ಲರ ಗುಮಾನಿ. ಲೀಟರಿಗೆ ಸುಮಾರು 20 ಮಿ.ಲೀ. ಲೆಕ್ಕ ಸರಿಯಿದ್ದರೂ ಕೊರತೆ ಆಗಬಹುದು. ಪೆಟ್ರೋಲಿನಲ್ಲಿ ಬೆರೆತ ಆಯಿಲನ್ನು ಬಿಟ್ಟು ಪಿಸ್ಟನ್ನಿಗೆ ಬೇರೆ ಜಿಡ್ಡಿಲ್ಲ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉರುಳಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಆಯಿಲ್ ಮಾತ್ರ ತೀರಾ ಕಡಿಮೆ ಬರುತ್ತದೆ. ನಡುನಡುವೆ ತುಸು ಆಕ್ಸಿಲರೇಟರ್ ಕೊಡುವ ಹಳಬರ ಅಭ್ಯಾಸ ಇದಕ್ಕೇ. ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಹೋದರೂ ಕಳ್ಳಗಾಳಿ ನುಗ್ಗಿ ಮಿಶ್ರಣ ತೆಳುವಾಗಿ ಕಾವೇರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಬಿಳಿ ಹೊಗೆ ಬರುತ್ತದೆ. ಅದನ್ನು ಕಂಡು ಬೋರ್ ಮಾಡಿಸಲು ಓಡುವುದು ದುಡ್ಡು ದಂಡ.

ಕೊರೆಸಲೇಬೇಕಾದರೆ, ಕಿಂಡಿಗಳ ಅಂಚನ್ನು ನವಿರಾಗಿ ತೀಡಿಸಿಕೊಳ್ಳಿ. ಹರಿತವಾಗಿ ಉಳಿದ ಅಂಚಿಗೆ ಹೊಸ ರಿಂಗ್ ಸಿಕ್ಕಿ ಮುರಿದೀತು.