ಎರಡೂವರೆ ಕಿಲೋ: ಕೂಸಿನ ತೂಕಕ್ಕೆ ನಾಡಿಗೊಂದು ಅಳತೆಯೇ?

ಹೆರಿಗೆಯ ಕೋಣೆಯಿಂದ ಹೊರಬರುವ ಮೊದಲ ಸುದ್ದಿ ಗಂಡೋ ಹೆಣ್ಣೋ ಎಂಬುದಾದರೆ, ಎರಡನೆಯ ಸುದ್ದಿ ಈಚಿನ ದಶಕಗಳಲ್ಲಿ ಕೂಸಿನ ತೂಕವೇ ಆಗಿದೆ. ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಆಡೂರಿನಲ್ಲಾಗಲಿ, ನೆರೆಯ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಯಾವ ಊರಿನಲ್ಲಾಗಲಿ, ಚೊಚ್ಚಿಲ ಹೆರಿಗೆಗೆಂದು ತವರಿಗೆ ಬಂದ ಮಗಳ 'ತಾಯಿ ಕಾರ್ಡ್' ಎಂಬ ದಾಖಲೆಯಲ್ಲಿ ಆ ಅಂಕಿಯನ್ನು ಬರೆದಿಡುವರು. ಅದು ಎರಡೂವರೆ ಕಿಲೋವನ್ನು ಮುಟ್ಟಿದ್ದರೆ ಮನೆಯವರೆಲ್ಲರೂ ನಿಶ್ಚಿಂತರಾಗುವರು, ಮುಟ್ಟದಿದ್ದರೆ "ನಮ್ಮ ಕಡೆ ಕೂಸು ಇರೂದ ಇಷ್ಟ, ಅದಕ್ಯಾಕ ಚಿಂತಿ ಮಾಡ್ತಿ ತಂಗಿ" ಎಂದು ಹಿರಿಯಳೊಬ್ಬಳು ಬಾಣಂತಿಗೆ ಸಮಾಧಾನ ಹೇಳುವಳು. ವಾತ್ಸಲ್ಯದಿಂದ ಹುಟ್ಟಿದ ಈ ಮಾತಿನಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ವಿಚಾರಿಸಿ ನೋಡುವುದು ಅವಶ್ಯವಾಗಿದೆ.

ಮೊದಲಿಗೆ ಈ ಎರಡೂವರೆ ಕಿಲೋ ಎಂಬ ಗೆರೆ ಎಲ್ಲಿಂದ ಬಂತೆಂಬುದನ್ನು ತಿಳಿಯಬೇಕು. ಅದು ನಮ್ಮ ನಾಡಿನಲ್ಲಿ ಹುಟ್ಟಿದ್ದಲ್ಲ. ಫಿನ್‌ಲೆಂಡಿನ ಶಿಶುವೈದ್ಯ ಆರ್ವೋ ಇಲ್ಪೋ ಎಂಬವರು 1919ರ ಸುಮಾರಿಗೆ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಗುರುತಿಸುವುದಕ್ಕೆ 2500 ಗ್ರಾಂ ಎಂಬ ಮೇರೆಯನ್ನು ಸೂಚಿಸಿದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಅದನ್ನೇ ಸಮಸ್ತ ಜಗತ್ತಿಗೆ ಅನ್ವಯಿಸಿತು. ಆದರೆ ತೂಕ ಕಡಿಮೆಯಿರುವ ಶಿಶುಗಳೆಲ್ಲವೂ ಅವಧಿಗೆ ಮುನ್ನ ಹುಟ್ಟಿದವಲ್ಲ, ತುಂಬು ತಿಂಗಳಿಗೆ ಹುಟ್ಟಿಯೂ ಸಣ್ಣದಾಗಿರುವ ಶಿಶುಗಳು, ವಿಶೇಷವಾಗಿ ನಮ್ಮಂಥ ದೇಶಗಳಲ್ಲಿ, ಅಸಂಖ್ಯವಾಗಿವೆ ಎಂಬುದು ಮನವರಿಕೆಯಾದ ಮೇಲೆ, 1961ರಲ್ಲಿ ಇವನ್ನೆಲ್ಲ 'ಕಡಿಮೆ ತೂಕದ ಶಿಶುಗಳು' ಎಂದು ಕರೆಯುವುದು ರೂಢಿಗೆ ಬಂತು. ಹೀಗೆ ಉತ್ತರ ಯುರೋಪಿನ ಒಬ್ಬ ವೈದ್ಯನ ಅನುಭವದಿಂದ ಹುಟ್ಟಿದ ಅಂಕಿಯೊಂದು ಆಡೂರಿನ ಕೂಸಿನ ಭವಿಷ್ಯವನ್ನು ಅಳೆಯುವ ಕೋಲಾಯಿತು.

ಹಾಗಾದರೆ ಆ ಕೋಲು ನಮಗೆ ಹೊಂದುವುದೇ ಎಂಬ ಪ್ರಶ್ನೆ ಸಹಜವಾದದ್ದೇ. ದೇಶದಿಂದ ದೇಶಕ್ಕೆ ನವಜಾತ ಶಿಶುಗಳ ತೂಕದಲ್ಲಿ ಅಂತರವಿರುವುದು ನಿರ್ವಿವಾದ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ ಯಾಜ್ಞಿಕರು 1990ರ ದಶಕದಲ್ಲಿ ನಡೆಸಿದ ಅಧ್ಯಯನದಲ್ಲಿ, ತುಂಬು ತಿಂಗಳಿಗೆ ಹುಟ್ಟಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ ಇದ್ದರೆ, ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶಿಶುಗಳದು ಸುಮಾರು 3.5 ಕಿಲೋ ಇತ್ತು. ಒಂದೇ ನಾಡಿನೊಳಗೂ ಗಂಡುಕೂಸು ಹೆಣ್ಣುಕೂಸಿಗಿಂತ ತುಸು ಭಾರ, ಚೊಚ್ಚಿಲ ಕೂಸು ಅನಂತರದವುಗಳಿಗಿಂತ ತುಸು ಹಗುರ. ಸಮುದ್ರಮಟ್ಟದಿಂದ ಸಾವಿರ ಮೀಟರು ಮೇಲೇರಿದಂತೆ ಶಿಶುವಿನ ತೂಕ ಸುಮಾರು ನೂರು ಗ್ರಾಂ ಇಳಿಯುವುದೆಂಬುದೂ ಪರ್ವತವಾಸಿಗಳ ಅಧ್ಯಯನದಿಂದ ತಿಳಿದುಬಂದಿದೆ. ಇವುಗಳನ್ನೆಲ್ಲ ಗಮನಿಸಿಯೇ ಬ್ರಿಟನ್ನಿನ ಡಾ. ಜೇಸನ್ ಗಾರ್ಡೋಸಿ 1992ರಲ್ಲಿ, ತಾಯಿಯ ಎತ್ತರ, ತೂಕ, ಮೂಲ, ಎಷ್ಟನೆಯ ಹೆರಿಗೆ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಒಬ್ಬೊಬ್ಬ ತಾಯಿಗೂ ಪ್ರತ್ಯೇಕವಾದ ಮಾನದಂಡವನ್ನು ರೂಪಿಸಬೇಕೆಂದು ವಾದಿಸಿದರು.

ಇದಕ್ಕೆ ಪ್ರತಿಯಾದ ವಾದವೂ ಅಷ್ಟೇ ಬಲವಾದುದು. 2009ರಿಂದ 2014ರವರೆಗೆ, ಆಕ್ಸ್‌ಫರ್ಡಿನ ಮುಂದಾಳ್ತನದಲ್ಲಿ, ಎಂಟು ದೇಶಗಳ ಎಂಟು ನಗರಗಳಲ್ಲಿ ಒಂದು ಮಹಾಪರೀಕ್ಷೆ ನಡೆಯಿತು. ಅವುಗಳಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ನಾಗಪುರವೂ ಒಂದು. ಹೊಟ್ಟೆತುಂಬ ಉಣ್ಣುವ, ಆರೋಗ್ಯವಂತರಾದ, ವೈದ್ಯಸಹಾಯ ಕೈಗೆಟಕುವ ತಾಯಂದಿರನ್ನು ಮಾತ್ರ ಆರಿಸಿ ಅಳೆದಾಗ, ಶಿಶುವಿನ ಉದ್ದದಲ್ಲಿ ಕಂಡುಬಂದ ಒಟ್ಟು ವ್ಯತ್ಯಾಸದಲ್ಲಿ ಸ್ಥಳದಿಂದ ಸ್ಥಳಕ್ಕೆ ಇದ್ದ ಪಾಲು ಶೇಕಡಾ 3.5ರಷ್ಟು ಮಾತ್ರ, ಉಳಿದುದೆಲ್ಲ ಒಂದೇ ಊರಿನ ಶಿಶುಗಳ ನಡುವೆಯೇ ಇರುವ ವ್ಯತ್ಯಾಸ. ಆದರೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿದಂತೆ ಹತ್ತು ದೇಶಗಳ ಗರ್ಭಸ್ಥ ಶಿಶುಗಳನ್ನು ಅಳೆದು ಪ್ರಕಟಿಸಿದ ಫಲಿತಾಂಶದಲ್ಲಿ ದೇಶದೇಶಗಳ ನಡುವೆ ಸ್ವಲ್ಪಮಟ್ಟಿಗಿನ ಅಂತರ ಉಳಿದೇ ಇತ್ತು; ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ಭಾರತೀಯ ಮೂಲದ ತಾಯಂದಿರ ಕೂಸುಗಳೂ ಅಲ್ಲಿಯ ಬಿಳಿಯರ ಕೂಸುಗಳಿಗಿಂತ ಹಗುರವಾಗಿಯೇ ಇರುವುದು ಕಂಡುಬಂದಿದೆ. ತಾಯಿ ತಾನು ಹುಟ್ಟಿದಾಗ ಎಷ್ಟು ತೂಕವಿದ್ದಳೆಂಬುದೂ ಅವಳ ಮಗುವಿನ ತೂಕವನ್ನು ಪ್ರಭಾವಿಸುವ ಕಾರಣ, ಅಜ್ಜಿಯ ಹಸಿವು ಮೊಮ್ಮಗುವಿನ ಮೈಯಲ್ಲಿ ಉಳಿಯುತ್ತದೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ಆದಾಗ್ಯೂ ಈ ಹಗುರತನವನ್ನು ಕುಲದ ಲಕ್ಷಣವೆಂದು ತಿಳಿದು ಕೈಕಟ್ಟಿ ಕುಳಿತುಕೊಳ್ಳಲಾಗದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಹಾಲೆಂಡಿನ ಪಶ್ಚಿಮ ಭಾಗದ ನಗರಗಳಿಗೆ ಆಹಾರ ನಿಂತುಹೋದಾಗ, ಎತ್ತರದ ಮೈಕಟ್ಟಿನವರಾದ ಆ ಜನರ ಶಿಶುಗಳ ಸರಾಸರಿ ತೂಕ ಸುಮಾರು 300 ಗ್ರಾಂ ಕುಸಿಯಿತು. ಆಹಾರ ಮರಳಿದೊಡನೆ ತೂಕವೂ ಮರಳಿತು. ಅಲ್ಲಿ ಜನ ಬದಲಾಗಿರಲಿಲ್ಲ, ಅನ್ನ ಮಾತ್ರ ಬದಲಾಗಿತ್ತು.

ಈ ವಿಷಯದಲ್ಲಿ ಕನ್ನಡ ನಾಡು ಜಗತ್ತಿಗೆ ಕೊಟ್ಟಿರುವ ಒಂದು ದೊಡ್ಡ ಸಾಕ್ಷ್ಯವನ್ನು ನಮ್ಮಲ್ಲಿ ಬಹುಮಂದಿ ಅರಿಯರು. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯೆಂದು ಪ್ರಸಿದ್ಧವಾದ, 1906ರಲ್ಲಿ ಪ್ರಾರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಮೊದಲುಗೊಂಡು ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಬರೆದಿಟ್ಟ ದಾಖಲೆಗಳು ಕಾಲದ ದಾಳಿಗೆ ಸಿಕ್ಕದೆ ಉಳಿದುಬಂದವು. ಸೌತಾಂಪ್ಟನ್ನಿನ ಡಾ. ಕೆರೊಲಿನ್ ಫಾಲ್ ಮತ್ತವರ ಸಹೋದ್ಯೋಗಿಗಳು, 1934ರಿಂದ 1954ರ ಅವಧಿಯಲ್ಲಿ ಅಲ್ಲಿ ಹುಟ್ಟಿ ಆಸ್ಪತ್ರೆಯ ಸಮೀಪದಲ್ಲೇ ನೆಲೆಸಿದ್ದವರಲ್ಲಿ 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಫಲಿತಾಂಶ ಮನನೀಯವಾದುದು: ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದರೆ, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ ಅದು ಕಂಡುಬಂತು. ತಮ್ಮ ಬರವಣಿಗೆಯನ್ನು ಅರ್ಧಶತಮಾನದ ಅನಂತರ ವೈದ್ಯರು ಓದುವರೆಂದು ಆ ದಾದಿಯರು ಊಹಿಸಿರಲಾರರು. ಆದರೆ ಅವರು ನಿಷ್ಠೆಯಿಂದ ಬರೆದಿಟ್ಟ ಸಂಖ್ಯೆಗಳೇ, ಸಣ್ಣ ಕೂಸು ನಮ್ಮ ಕಡೆ ಸಾಮಾನ್ಯವೆಂಬ ಮಾತ್ರಕ್ಕೆ ಅದು ನಿರಪಾಯವಾಗದೆಂಬುದನ್ನು ತೋರಿಸಿಕೊಟ್ಟವು.

ಪುಣೆಯ ಅಧ್ಯಯನ ಇದಕ್ಕೆ ಮತ್ತೊಂದು ಮುಖವನ್ನು ತೋರಿಸಿತು. ನಮ್ಮ ಶಿಶುಗಳು ಆಂಗ್ಲ ಶಿಶುಗಳಿಗಿಂತ ತೂಕದಲ್ಲಿ, ಸ್ನಾಯುವಿನಲ್ಲಿ, ಹೊಟ್ಟೆಯ ಸುತ್ತಳತೆಯಲ್ಲಿ ಬಹಳ ಕಡಿಮೆಯಿದ್ದರೂ, ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟು ಹಿಂದುಳಿದಿಲ್ಲ. ಅಂದರೆ ನೋಟಕ್ಕೆ ಕೃಶವಾದ ಕೂಸಿನೊಳಗೆ, ಮುಂದೆ ಸಕ್ಕರೆಕಾಯಿಲೆಗೆ ದಾರಿಮಾಡುವ ಕೊಬ್ಬು ಹುಟ್ಟಿನಿಂದಲೇ ಮನೆಮಾಡಿರುತ್ತದೆ. ಮೈಸೂರಿನ ಶಿಶುಗಳಲ್ಲಿಯೂ ಇದೇ ಬಗೆಯ ಲಕ್ಷಣ ಕಂಡುಬಂದಿತು. ತೂಕವೊಂದರಿಂದಲೇ ಶಿಶುವಿನ ಸ್ಥಿತಿಯನ್ನು ನಿರ್ಣಯಿಸಲಾಗದೆಂಬುದು ಇದರಿಂದ ಸ್ಪಷ್ಟ.

ಇನ್ನು ಹಳ್ಳಿಯ ತಕ್ಕಡಿಯನ್ನು ಸಮೀಪದಿಂದ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ವರದಿಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದ್ದರಿಂದ ತೂಗದೆ ಉಳಿಯುವ ಕೂಸು ಈಗ ಅಪರೂಪ. ಅದೇ ಸಮೀಕ್ಷೆಯಂತೆ ದೇಶದಲ್ಲಿ ತೂಕ ತಿಳಿದುಬಂದ ಶಿಶುಗಳಲ್ಲಿ ನೂರಕ್ಕೆ ಸುಮಾರು 18 ಎರಡೂವರೆ ಕಿಲೋವಿಗಿಂತ ಕಡಿಮೆ. ಆದರೆ ಇಂಥ ದಾಖಲೆಗಳನ್ನು ಪರಿಶೀಲಿಸಿದವರೆಲ್ಲರಿಗೂ ಒಂದು ವಿಚಿತ್ರ ಕಾಣಿಸಿದೆ: 2.4, 2.6 ಎಂಬ ಅಂಕಿಗಳಿಗಿಂತ ಸರಿಯಾಗಿ 2.5 ಎಂಬ ಅಂಕಿ ಅಸಹಜವಾಗಿ ಹೆಚ್ಚು ಬಾರಿ ಬರುತ್ತದೆ. ಮುಳ್ಳು 2.46ರಲ್ಲಿ ನಿಂತಾಗ ಬರೆಯುವ ಕೈ ತಾನಾಗಿಯೇ 2.5 ಎಂದು ಬರೆದುಬಿಡುತ್ತದೆ. ಎರಡೂವರೆಗಿಂತ ಕಡಿಮೆಯಿದ್ದರೆ ಮಾತ್ರ ಕಡಿಮೆ ತೂಕವೆಂಬ ನಿಯಮವಿರುವುದರಿಂದ, ಆ ನಲವತ್ತು ಗ್ರಾಂಗಳ ಔದಾರ್ಯದಿಂದ ಕೂಸು ಪಟ್ಟಿಯಿಂದಲೇ ಮರೆಯಾಗುತ್ತದೆ, ಅದಕ್ಕೆ ಸಲ್ಲಬೇಕಾದ ವಿಶೇಷ ಆರೈಕೆಯೂ ತಪ್ಪಿಹೋಗುತ್ತದೆ. ತೂಗುವ ಮುನ್ನ ಜೋಳಿಗೆಯ ಬಟ್ಟೆಯ ಭಾರವನ್ನು ಕಳೆದು ಮುಳ್ಳನ್ನು ಸೊನ್ನೆಗೆ ತಾರದಿದ್ದರೂ ಇದೇ ಪರಿಣಾಮ. ಮೊದಲ ಕೆಲವು ದಿನಗಳಲ್ಲಿ ಪ್ರತಿಯೊಂದು ಕೂಸೂ ತುಸು ತೂಕ ಕಳೆದುಕೊಂಡು ಎರಡು ವಾರದೊಳಗೆ ಮರಳಿ ಪಡೆಯುವುದರಿಂದ, ಹುಟ್ಟಿದ ಕೆಲವು ಗಂಟೆಗಳೊಳಗಿನ ತೂಕವೇ ಪ್ರಮಾಣ. ಅದರೊಂದಿಗೆ ಎಷ್ಟನೆಯ ವಾರಕ್ಕೆ ಹುಟ್ಟಿತೆಂಬುದನ್ನೂ ಬರೆಯಬೇಕು. ಏಕೆಂದರೆ 35ನೆಯ ವಾರಕ್ಕೆ ಹುಟ್ಟಿ 2.4 ಕಿಲೋ ತೂಗುವ ಕೂಸು ತನ್ನ ಅವಧಿಗೆ ತಕ್ಕಂತೆ ಬೆಳೆದುದು, ನಲವತ್ತನೆಯ ವಾರಕ್ಕೆ ಅಷ್ಟೇ ತೂಗುವ ಕೂಸು ಬಹುಮಟ್ಟಿಗೆ ಗರ್ಭದಲ್ಲೇ ಹಸಿದುದು.

ಹಸಿವಿನ ಕಾರಣಗಳು ನಮ್ಮ ಮನೆಗಳಲ್ಲೇ ಇವೆ. ಕೆರೆಗಳ ಮತ್ತು ಭತ್ತದ ಸೀಮೆಯಾದ ಹಾನಗಲ್ಲ ತಾಲೂಕಿನಲ್ಲಿ, ನಾಟಿಯ ಕಾಲದಲ್ಲಿ ಬಸುರಿಯಾದವಳೂ ಬೆನ್ನು ಬಾಗಿಸಿ ಕೆಸರಿನಲ್ಲಿ ನಿಲ್ಲುವಳು; ಪುಣೆಯ ಹಳ್ಳಿಗಳಲ್ಲಿ ಇಂಥ ಶ್ರಮ ಹೆಚ್ಚಾದಷ್ಟೂ ಶಿಶು ಸಣ್ಣದಾಗುವುದನ್ನು ಸಂಶೋಧಕರು ಕಂಡಿದ್ದಾರೆ. ಕುಬಸದ (ಸೀಮಂತದ) ದಿನ ಉಡಿ ತುಂಬಿ, ಬಗೆಬಗೆಯ ಅಡಿಗೆ ಬಡಿಸಿ ಸಂಭ್ರಮಿಸುವ ಮನೆಯಲ್ಲೇ ಮರುದಿನದಿಂದ, ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುವುದೆಂಬ ಭಯದಿಂದ ಅವಳ ತುತ್ತನ್ನು ಕಡಿಮೆ ಮಾಡುವುದುಂಟು. ಮದುವೆಯ ವಯಸ್ಸಿಗೆ ಮುನ್ನವೇ ಹುಡುಗಿಗೆ ಮದುವೆ ಮಾಡುವುದು, ರಕ್ತಹೀನತೆಯನ್ನು ಸಹಜವೆಂದು ಬಗೆದು ಕಬ್ಬಿಣಾಂಶದ ಗುಳಿಗೆಯನ್ನು ಗೂಡಿನಲ್ಲಿಡುವುದು, ಎರಡು ಹೆರಿಗೆಗಳ ನಡುವೆ ಸಾಕಷ್ಟು ಅಂತರವಿಡದಿರುವುದು, ಇವೂ ತೂಕದ ಅಂಕಿಯಲ್ಲಿ ಗೋಚರವಾಗುವ ಕಾರಣಗಳೇ. ಪುಣೆಯ ಹಳ್ಳಿಗಳಲ್ಲಿ ಹಸಿರು ಸೊಪ್ಪು, ಹಣ್ಣು, ಹಾಲುಗಳನ್ನು ಹೆಚ್ಚು ಬಾರಿ ಸೇವಿಸಿದ ತಾಯಂದಿರ ಕೂಸುಗಳು ಹೆಚ್ಚು ತೂಗಿದುದನ್ನು ನೆನೆದರೆ, ಇದರ ಪರಿಹಾರವೂ ದೂರದಲ್ಲಿಲ್ಲ. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು ಕರ್ನಾಟಕ ಸರಕಾರ 2017ರಲ್ಲಿ ತಂದದ್ದು ಈ ಅರಿವಿನಿಂದಲೇ.

ಸಣ್ಣದಾಗಿ ಹುಟ್ಟಿದ ಕೂಸಿಗೂ ಉಪಾಯವಿದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಪ್ರಾರಂಭವಾದ, ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು, ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರಕಾರಿ ಆಸ್ಪತ್ರೆಗಳ ಸಹಕಾರದಿಂದ ಆಚರಣೆಗೆ ತಂದು ತೋರಿಸಿದ್ದಾರೆ. ಆಸ್ಪತ್ರೆಯಿಂದ ಮರಳಿದ ಮೇಲೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆಶಾ ಕಾರ್ಯಕರ್ತೆ ಆರು ಬಾರಿ ಮನೆಗೆ ಬಂದು ಕೂಸನ್ನು ನೋಡಬೇಕೆಂಬ ನಿಯಮವೂ ಇದೆ.

ನಾಡಿಗೊಂದು ಅಳತೆ ಬೇಕೆ ಎಂಬ ಪ್ರಶ್ನೆಗೆ, ಇದನ್ನೆಲ್ಲ ವಿಚಾರಿಸಿದ ಮೇಲೆ, ನಮ್ಮ ಉತ್ತರ ಇಷ್ಟು: ಒಂದೊಂದು ಕೂಸಿನ ಆರೈಕೆಯಲ್ಲಿ ವೈದ್ಯನು ತಾಯಿಯ ಮೈಕಟ್ಟು, ಗರ್ಭಾವಧಿ, ಊರು ಕೇರಿಗಳನ್ನು ಗಮನಿಸಲಿ, ಆದರೆ ನಮ್ಮ ಜನ ಸಣ್ಣವರೆಂಬ ನೆಪದಿಂದ ಗೆರೆಯನ್ನು ಕೆಳಗಿಳಿಸುವುದು, ತಲೆಮಾರುಗಳ ಹಸಿವಿಗೆ ನಾವೇ ಅಂಗೀಕಾರದ ಮುದ್ರೆ ಒತ್ತಿದಂತೆ. ಆದ್ದರಿಂದ ಮನೆಯಲ್ಲಿ ಬಸುರಿ ಇದ್ದವರು ಇಂದಿನಿಂದಲೇ ಅವಳ ತಟ್ಟೆಗೆ ಸೊಪ್ಪು, ಹಾಲು, ಹಣ್ಣುಗಳನ್ನು ಹೆಚ್ಚಾಗಿ ಬಡಿಸಿರಿ, ನಾಟಿಯ ಕೆಲಸದಿಂದ ಅವಳಿಗೆ ವಿಶ್ರಾಂತಿ ಕೊಡಿರಿ, ಕೂಸು ಹುಟ್ಟಿದಾಗ ತಕ್ಕಡಿ ತೋರಿದ ಅಂಕಿಯನ್ನು ಇದ್ದಂತೆಯೇ ಬರೆಯಿಸಿರಿ.